ಗೌರಿ ಹೂವಿನ ಊರು ಯಾವುದು?

ಪ್ರಶ್ನೆ: ನಾನು ಮುಂಡರಗಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ಚಿಕ್ಕಂದಿನಲ್ಲಿ ಕಪ್ಪತಗುಡ್ಡದ ಅಂಚಿನ ಬೇಲಿಗಳಲ್ಲಿ ಗೌರಿ ಹೂವಿನ ಬಳ್ಳಿ ಧಾರಾಳವಾಗಿ ಕಾಣುತ್ತಿತ್ತು. ಈಗ ಮಕ್ಕಳಿಗೆ ಒಂದು ಬಳ್ಳಿ ತೋರಿಸಬೇಕೆಂದರೂ ಅರ್ಧ ದಿನ ಹುಡುಕಬೇಕು. ಹಿಂದೆ ಇಲ್ಲಿ ಇತ್ತು ಎನ್ನುವುದಕ್ಕೆ ದಾಖಲೆ ಸಿಕ್ಕೀತೇ ಎಂದು ಅಂತರ್ಜಾಲದಲ್ಲಿರುವ ಹರ್ಬೇರಿಯಂ (ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿಟ್ಟ ಸಂಗ್ರಹ) ದಾಖಲೆಗಳನ್ನು ನೋಡಿದೆ. ಹಳೆಯ ಚೀಟಿಗಳಲ್ಲಿ ಬರೀ ‘ಧಾರವಾರ್, ಬಾಂಬೆ ಪ್ರೆಸಿಡೆನ್ಸಿ’ ಎಂಬಂಥ ಬರಹ, ನಕ್ಷೆಯ ಚುಕ್ಕೆ ಎಲ್ಲೋ ಧಾರವಾಡದ ಹತ್ತಿರ. ನಮ್ಮ ಗುಡ್ಡದ ಮೇಲೆ ಚುಕ್ಕೆ ಕಾಣಲಿಲ್ಲ. ನನ್ನ ನೆನಪು ತಪ್ಪೇ? ಈ ದಾಖಲೆಗಳನ್ನು ಓದುವುದು ಹೇಗೆ? ನಾವೇ ಒಂದು ಹಾಳೆ ಮಾಡಿ ಸೇರಿಸಬಹುದೇ?

ಉತ್ತರ: ಗುರುಗಳೇ, ನಿಮ್ಮ ನೆನಪನ್ನು ನೀವೇ ತಳ್ಳಿಹಾಕಬೇಡಿ. ನಕ್ಷೆಯಲ್ಲಿ ಚುಕ್ಕೆ ಬೀಳಬೇಕಾದರೆ ಯಾರಾದರೂ ಆ ಜಾಗಕ್ಕೆ ಹೂಬಿಡುವ ಕಾಲದಲ್ಲೇ ಹೋಗಿರಬೇಕು, ಗಿಡವನ್ನು ಕಿತ್ತು ಒಣಗಿಸಿರಬೇಕು, ಊರು ತಾರೀಖು ಬರೆದಿರಬೇಕು, ಆ ಹಾಳೆ ಹುಳಕ್ಕೂ ಬೂಷ್ಟಿಗೂ ಸಿಗದೆ ಉಳಿದಿರಬೇಕು, ಕೊನೆಗೆ ಯಾರೋ ಅದರ ಚಿತ್ರ ತೆಗೆದು ಕಂಪ್ಯೂಟರಿಗೆ ಏರಿಸಿರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಚುಕ್ಕೆ ಇಲ್ಲ. ಬಳ್ಳಿ ಮಾತ್ರ ಬೇಲಿಯ ಮೇಲೆ ಇದ್ದೇ ಇರುತ್ತದೆ.

ಗೌರಿ ಹೂವಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕಣ್ಣಿಗೆ ಹೊಡೆಯುವಂಥ, ಎಲ್ಲರಿಗೂ ಗೊತ್ತಿರುವ ಗಿಡಗಳನ್ನು ಸಂಗ್ರಾಹಕರು ಎಷ್ಟೋ ಸಲ ಬಿಟ್ಟು ಮುಂದೆ ಹೋಗುತ್ತಾರೆ. ಒಂದು ದಿನದಲ್ಲಿ ಹೊರಬಹುದಾದ ಕಾಗದ ಇಷ್ಟೇ. ಅಪರೂಪದ ಹುಲ್ಲೊಂದು ಸಿಕ್ಕರೆ ಅದಕ್ಕೆ ಜಾಗ, ಗೌರಿ ಹೂವಿಗೆ ‘ಮುಂದಿನ ಊರಿನಲ್ಲೂ ಸಿಗುತ್ತದೆ ಬಿಡು’. ಹೀಗಾಗಿ ಒಂದು ಕಾಲದಲ್ಲಿ ಹೇರಳವಾಗಿದ್ದ ಗಿಡಕ್ಕೇ ಹಾಳೆಗಳು ಕಡಿಮೆ ಇರುವುದುಂಟು. ಹಾಳೆ ‘ಇಲ್ಲಿ ಇತ್ತು’ ಎಂದು ಸಾಕ್ಷಿ ಹೇಳುತ್ತದೆಯೇ ಹೊರತು ‘ಎಷ್ಟಿತ್ತು’ ಎಂದು ಹೇಳುವುದಿಲ್ಲ. ಬಳ್ಳಿ ಕಡಿಮೆಯಾಗಿದೆ ಎಂಬ ನಿಮ್ಮ ಮಾತನ್ನು ಹಾಳೆಗಳ ಲೆಕ್ಕದಿಂದ ಸಾಬೀತು ಮಾಡಲು ಹೊರಡಬೇಡಿ. ಅದಕ್ಕೆ ಬೇರೆ ದಾರಿಗಳಿವೆ.

ಮೊದಲು ಒಂದು ಹಾಳೆಯನ್ನು ಹತ್ತಿರದಿಂದ ನೋಡೋಣ. ಸುಮಾರು 42 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲದ ದಪ್ಪ ಕಾಗದ. ಅದರ ಮೇಲೆ ಬಳ್ಳಿಯನ್ನು ಸಣ್ಣ ಪಟ್ಟಿಗಳಿಂದ ಅಂಟಿಸಿ, ದಪ್ಪನೆಯ ಕಾಂಡವಿದ್ದಲ್ಲಿ ದಾರದಿಂದ ಹೊಲಿದಿರುತ್ತಾರೆ. ಗೌರಿ ಹೂವಿನ ಹಾಳೆಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಎಲೆಯ ತುದಿಗೆ. ಈ ಗಿಡಕ್ಕೆ ಬೇರೆ ಬಳ್ಳಿಕುಡಿ ಇಲ್ಲ. ಎಲೆಯ ತುದಿಯೇ ಎಳೆಯಾಗಿ ಸುರುಳಿ ಸುತ್ತಿ ಬೇಲಿಯನ್ನು ಹಿಡಿಯುತ್ತದೆ. ಒಣಗಿ ನೂರು ವರ್ಷವಾದರೂ ಆ ಸುರುಳಿ ಹಾಗೆಯೇ ಇರುತ್ತದೆ, ಕೆಲವೊಮ್ಮೆ ತಾನು ಹಿಡಿದಿದ್ದ ಹುಲ್ಲಿನ ಕಡ್ಡಿಯನ್ನೂ ಬಿಟ್ಟಿರುವುದಿಲ್ಲ. ಹೂವಿನ ಬಣ್ಣ ಮಾತ್ರ ಹೋಗಿಬಿಟ್ಟಿರುತ್ತದೆ. ಬುಡದಲ್ಲಿ ಹಳದಿ, ತುದಿಯಲ್ಲಿ ಬೆಂಕಿಯ ಕೆಂಪು ಇದ್ದ ಆರು ಎಸಳುಗಳು ಚಹಾದ ಕಲೆಯಂತೆ ಕಂದಾಗಿರುತ್ತವೆ. ಅಂಚಿನ ಅಲೆ ಉಳಿಯುತ್ತದೆ. ಶಲಾಕೆ, ಅಂದರೆ ಅಂಡಾಶಯದ ತುದಿಯಿಂದ ಹೊರಡುವ ಕಡ್ಡಿ, ಬುಡದಲ್ಲೇ ಲಂಬಕೋನದಲ್ಲಿ ಪಕ್ಕಕ್ಕೆ ಬಾಗಿರುವುದೂ ಉಳಿಯುತ್ತದೆ, ಗಿಡವನ್ನು ಗುರುತಿಸಲು ಅಷ್ಟು ಸಾಕು.

ಹಾಳೆಯ ಕೆಳಗಿನ ಬಲಮೂಲೆಯಲ್ಲಿ ಚೀಟಿ. ಗಿಡದ ಹೆಸರು, ಸಿಕ್ಕಿದ ಊರು, ತಾರೀಖು, ಸಂಗ್ರಾಹಕರ ಹೆಸರು, ಅವರ ಸಂಗ್ರಹ ಸಂಖ್ಯೆ. ಅದರ ಸುತ್ತ ಬೇರೆ ಬೇರೆ ಕಾಲದ ಸಣ್ಣ ಚೀಟಿಗಳು ಅಂಟಿಕೊಂಡಿರಬಹುದು. ನಂತರ ಬಂದ ತಜ್ಞರು ಹೆಸರನ್ನು ತಿದ್ದಿದಾಗ ಹಳೆಯ ಚೀಟಿಯನ್ನು ಕೀಳುವುದಿಲ್ಲ, ಪಕ್ಕದಲ್ಲಿ ತಮ್ಮದನ್ನು ಅಂಟಿಸಿ ಸಹಿ ಹಾಕುತ್ತಾರೆ. ಈ ಪದ್ಧತಿ ನನಗೆ ಬಹಳ ಇಷ್ಟ. ಹಿಂದಿನವರ ಮಾತನ್ನು ಅಳಿಸದೆ ತಮ್ಮ ಮಾತನ್ನು ಹೇಳುವ ಶಿಸ್ತು ಅದು.

ಹೆಸರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ‘ಗ್ಲೋರಿಯೋಸಾ ಸುಪರ್ಬಾ’ ಇಂದಿಗೂ ಊರ್ಜಿತ. ಹಳೆಯ ಹಾಳೆಗಳಲ್ಲಿ ‘ಮೆಥೋನಿಕಾ ಸುಪರ್ಬಾ’ ಎಂದು ಕಂಡರೆ ಅದೂ ಇದೇ ಗಿಡ, ಹುಡುಕುವಾಗ ಎರಡನ್ನೂ ಕೊಡಿ. ಈಗ ಇದನ್ನು ಕಾಲ್ಚಿಕೇಸಿ ಕುಟುಂಬಕ್ಕೆ ಸೇರಿಸುತ್ತಾರೆ, ಆದರೆ ನಮ್ಮ ದೇಶದ ಹೆಚ್ಚಿನ ಹರ್ಬೇರಿಯಂಗಳ ಕಪಾಟುಗಳು ಹಳೆಯ ಕ್ರಮದಲ್ಲೇ ಇರುವುದರಿಂದ ಲಿಲಿಯೇಸಿಯ ಖಾನೆಯಲ್ಲಿ ಕೇಳಬೇಕು. ಕನ್ನಡದಲ್ಲಿ ಇದಕ್ಕೆ ಅಗ್ನಿಶಿಖೆ, ಹುಲಿಯುಗುರು, ಅಕ್ಕತಂಗಿ ಬಳ್ಳಿ, ಕರಡಿಕಣ್ಣಿನ ಗಡ್ಡೆ ಎಂದೆಲ್ಲ ಕರೆಯುತ್ತಾರೆ. ಸಂಸ್ಕೃತದ ‘ಲಾಂಗಲಿ’ಗೆ ಮೂಲ ನೇಗಿಲು. ಕವಲೊಡೆದ ಗಡ್ಡೆಯನ್ನು ಒಮ್ಮೆ ನೋಡಿದವರಿಗೆ ಆ ಹೆಸರು ಏಕೆ ಬಂತೆಂದು ಹೇಳಿಕೊಡಬೇಕಾಗಿಲ್ಲ. ನಿಮ್ಮ ಊರಿನಲ್ಲಿ ಹಿರಿಯರು ಯಾವ ಹೆಸರು ಹೇಳುತ್ತಾರೋ ಅದನ್ನು ಬರೆದುಕೊಳ್ಳಿ. ಚೀಟಿಯಲ್ಲಿ ಊರವರು ಗಿಡವನ್ನು ಕರೆಯುವ ಹೆಸರಿಗೂ ಜಾಗ ಇರಬೇಕು.

ಇನ್ನು ‘ಧಾರವಾರ್’ ಎಂಬ ಮಾತಿಗೆ ಬರೋಣ. ನಿಮ್ಮ ಪ್ರಶ್ನೆಯ ಗಂಟು ಇಲ್ಲಿದೆ. ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೆ ಮೊದಲು ಮುಂಡರಗಿ, ರೋಣ, ಗದಗ, ರಾಣೆಬೆನ್ನೂರು, ಹಾನಗಲ್ಲು ಎಲ್ಲವೂ ಧಾರವಾಡ ಜಿಲ್ಲೆಯೇ. ಇನ್ನೂ ಹಿಂದಕ್ಕೆ ಹೋದರೆ, 1836ರವರೆಗೆ ಬೆಳಗಾವಿಯೂ ಧಾರವಾಡದ ಕಲೆಕ್ಟರರ ಆಡಳಿತಕ್ಕೆ ಸೇರಿತ್ತು. 1956ರ ನವೆಂಬರ್ 1ರವರೆಗೆ ಇವೆಲ್ಲ ಮುಂಬೈ ಆಡಳಿತದಲ್ಲಿದ್ದವು. ಆದ್ದರಿಂದ ಆ ಕಾಲದ ಸಂಗ್ರಾಹಕ ‘ಧಾರವಾರ್’ ಎಂದು ಬರೆದರೆ ಅದು ಧಾರವಾಡ ಪಟ್ಟಣವಾಗಿರಬಹುದು, ಕಲಘಟಗಿಯ ಕಡೆಯ ಮಲೆನಾಡಿನ ಸೆರಗಾಗಿರಬಹುದು, ನಿಮ್ಮ ಕಪ್ಪತಗುಡ್ಡವೂ ಆಗಿರಬಹುದು. ಮಳೆ, ಮಣ್ಣು, ಜೊತೆಗಿರುವ ಗಿಡ ಯಾವುದರಲ್ಲೂ ಈ ಮೂರಕ್ಕೆ ಹೋಲಿಕೆಯಿಲ್ಲ.

ಹಾಗೆಂದು ಆಗಿನ ಧಾರವಾಡ ಜಿಲ್ಲೆಯೊಳಗೆ ಎಲ್ಲ ಊರುಗಳೂ ಇದ್ದವು ಎಂದೂ ತಿಳಿಯಬೇಡಿ. ನಡುನಡುವೆ ಸಂಸ್ಥಾನಗಳ ತುಂಡುಗಳಿದ್ದವು. ಸವಣೂರು ನವಾಬರದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಲಕ್ಷ್ಮೇಶ್ವರದ ಬೇಲಿಯಲ್ಲಿ ಸಿಕ್ಕ ಗಿಡದ ಚೀಟಿಯಲ್ಲಿ ‘ಮಿರಜ’ ಎಂದು ಬರೆದಿದ್ದರೆ, ಇಂದು ಆ ಚೀಟಿ ಓದುವ ಗುಮಾಸ್ತ ಅದನ್ನು ಮಹಾರಾಷ್ಟ್ರದ ಖಾನೆಗೆ ಹಾಕಿದರೆ ಆಶ್ಚರ್ಯವಿಲ್ಲ.

ಈಗ ನಕ್ಷೆಯ ಚುಕ್ಕೆ ಎಲ್ಲಿಂದ ಬಂತು ನೋಡಿ. ನೂರು ವರ್ಷದ ಹಿಂದಿನ ಸಂಗ್ರಾಹಕನ ಜೇಬಿನಲ್ಲಿ ಜಿಪಿಎಸ್ ಇರಲಿಲ್ಲ. ಚೀಟಿಯಲ್ಲಿ ‘ಧಾರವಾರ್’ ಎಂದಷ್ಟೇ ಇದ್ದಾಗ, ಅದನ್ನು ಕಂಪ್ಯೂಟರಿಗೆ ಏರಿಸಿದವರು ಧಾರವಾಡ ಪಟ್ಟಣದ ಅಥವಾ ಇಡೀ ಜಿಲ್ಲೆಯ ನಡುಬಿಂದುವಿನ ಅಕ್ಷಾಂಶ ರೇಖಾಂಶ ಕೊಟ್ಟುಬಿಡುತ್ತಾರೆ. ಆ ಬಿಂದು ಹೋಗಿ ಯಾವುದೋ ಎರೆ ಹೊಲದ ನಡುವೆ ಕೂರುತ್ತದೆ. ದಾಖಲೆಯನ್ನು ತೆರೆದರೆ ‘ಅನಿಶ್ಚಿತತೆ’ ಎಂಬ ಅರ್ಥದ ಒಂದು ಸಾಲು ಇರುತ್ತದೆ, ಮೀಟರುಗಳಲ್ಲಿ. ಅಲ್ಲಿ 50,000 ಎಂದಿದ್ದರೆ ಚುಕ್ಕೆಯ ಸುತ್ತ ಐವತ್ತು ಕಿಲೋಮೀಟರಿನೊಳಗೆ ಎಲ್ಲಾದರೂ ಎಂದರ್ಥ. ಆ ಸಾಲೇ ಖಾಲಿ ಇದ್ದರೆ ಚುಕ್ಕೆಯನ್ನು ನಂಬಬೇಡಿ, ಹಾಳೆಯ ಚಿತ್ರವನ್ನು ತೆರೆದು ಚೀಟಿಯನ್ನು ಕಣ್ಣಾರೆ ಓದಿ. ಎಷ್ಟೋ ಸಲ ಟೈಪ್ ಮಾಡಿದವರು ಬಿಟ್ಟ ‘ಊರಿನಿಂದ ಆಗ್ನೇಯಕ್ಕೆ ಎರಡು ಮೈಲಿ’ ಎಂಬ ಮಾತು ಚೀಟಿಯಲ್ಲಿ ಉಳಿದಿರುತ್ತದೆ. ಹುಡುಕುವಾಗ ಹಳೆಯ ಕಾಗುಣಿತಗಳನ್ನೂ ಹಾಕಿ ನೋಡಿ: ಧಾರವಾರ್, ಹುಬ್ಳಿ, ಕಪ್ಪತ್, ಶಿರ್‌ಹಟ್ಟಿ, ಮುಂಡರ್ಗಿ. ಬರೀ ‘ಗದಗ ಜಿಲ್ಲೆ’ ಎಂದು ಹುಡುಕಿದರೆ 1997ಕ್ಕಿಂತ ಹಿಂದಿನದು ಬಹುತೇಕ ಕೈಗೆ ಸಿಗುವುದಿಲ್ಲ.

ಇನ್ನೆರಡು ಎಚ್ಚರಿಕೆ. ಒಬ್ಬ ಸಂಗ್ರಾಹಕ ಒಂದೇ ಬಳ್ಳಿಯಿಂದ ಮೂರು ನಾಲ್ಕು ಹಾಳೆ ಮಾಡಿ ಬೇರೆ ಬೇರೆ ಸಂಗ್ರಹಗಳಿಗೆ ಕಳುಹಿಸುವುದು ವಾಡಿಕೆ. ಹೆಸರು, ಸಂಖ್ಯೆ, ತಾರೀಖು ಮೂರೂ ಒಂದೇ ಆಗಿದ್ದರೆ ಅದು ಒಂದೇ ಗಿಡ, ಎಷ್ಟು ಸಲ ಕಂಡರೂ ಒಂದೇ ಎಂದು ಎಣಿಸಿ. ಎರಡನೆಯದು, ಜಿಬಿಐಎಫ್‌ನಂಥ ಅಂತರರಾಷ್ಟ್ರೀಯ ಭಂಡಾರಗಳಲ್ಲಿ ಒಣಗಿದ ಮಾದರಿಯ ದಾಖಲೆಗಳೂ, ಜನ ಮೊಬೈಲಿನಲ್ಲಿ ತೆಗೆದ ಫೋಟೋಗಳೂ ಒಂದೇ ನಕ್ಷೆಯ ಮೇಲೆ ಬೀಳುತ್ತವೆ. ‘ಪ್ರಿಸರ್ವ್ಡ್ ಸ್ಪೆಸಿಮನ್’ ಎಂದು ಸೋಸಿದರೆ ಹಾಳೆಗಳು ಮಾತ್ರ ಉಳಿಯುತ್ತವೆ.

ಊರು ಬರೆಯುವುದರ ಬೆಲೆ ನನಗೆ ಗೊತ್ತಾದದ್ದು ನಿಮ್ಮ ಗುಡ್ಡದಲ್ಲೇ. ಎಂ.ಎಸ್ಸಿ. ಓದುವಾಗ ಒಂದು ಮಳೆಗಾಲದ ಬೆಳಿಗ್ಗೆ ಡೋಣಿ ಕಡೆಯಿಂದ ಹತ್ತಿ, ಸಂಜೆ ಶಿರಹಟ್ಟಿ ತಾಲ್ಲೂಕಿನ ಕಡೆಗೆ ಇಳಿದೆ. ಚೀಲ ತುಂಬ ಗಿಡ. ಮೈ ಸೋತಿತ್ತು, ಗುರುತಿನ ಚೀಟಿಗಳನ್ನು ಬೆಳಿಗ್ಗೆ ಕಟ್ಟಿದರಾಯಿತು ಎಂದು ಕಾಗದದ ನಡುವೆ ಇಟ್ಟು ಮಲಗಿದೆ. ಮೂರನೆಯ ದಿನ ಬಿಚ್ಚಿದಾಗ ಯಾವುದು ಹತ್ತುವಾಗ ಸಿಕ್ಕಿದ್ದು, ಯಾವುದು ಇಳಿಯುವಾಗ ಸಿಕ್ಕಿದ್ದು ಎಂದು ನನಗೇ ತಿಳಿಯಲಿಲ್ಲ. ಗೌರಿ ಹೂವೂ ಅದರಲ್ಲಿತ್ತು, ಬಹಳ ಚೆನ್ನಾಗಿ ಒಣಗಿತ್ತು. ನಮ್ಮ ಮಾರ್ಗದರ್ಶಕರು ಒಂದೊಂದನ್ನೂ ಎತ್ತಿ ನೋಡಿ, ‘ಇದು ಎಲ್ಲಿಯದು?’ ಎಂದು ಕೇಳುತ್ತಾ ಹೋದರು. ಉತ್ತರವಿಲ್ಲದ ಪ್ರತಿಯೊಂದನ್ನೂ ಬದಿಗಿಟ್ಟರು. ಕೊನೆಗೆ ಆ ಕಟ್ಟನ್ನೆಲ್ಲ ಗೊಬ್ಬರದ ಗುಂಡಿಗೆ ಹಾಕಿಸಿದರು. ಅಂದು ಅತ್ತಿದ್ದೇನೆ. ಆದರೆ ಅಂದಿನಿಂದ ಇಂದಿನವರೆಗೆ, ಗಿಡವನ್ನು ಕತ್ತರಿಸುವ ಮೊದಲು ಪೆನ್ಸಿಲ್ ತೆಗೆಯುವ ಅಭ್ಯಾಸ ತಪ್ಪಿಲ್ಲ.

ತಾರೀಖಿನ ಮಾತು ಇನ್ನೂ ಸೂಕ್ಷ್ಮ. ಹಳೆಯ ಹಾಳೆಗಳ ದೊಡ್ಡ ಉಪಯೋಗವೆಂದರೆ ಹೂಬಿಡುವ ಕಾಲವನ್ನು ಹೋಲಿಸುವುದು. ನೂರು ವರ್ಷದ ಹಿಂದೆ ಆಗಸ್ಟ್ ಮೊದಲ ವಾರದಲ್ಲಿ ಅರಳಿದ ಹೂವು ಹಾಳೆಯ ಮೇಲಿದ್ದರೆ, ಇಂದಿನ ಹೂವಿನ ಪಕ್ಕ ಅದನ್ನಿಟ್ಟು ನೋಡಬಹುದು. ಆದರೆ ನಮ್ಮ ಹಿರಿಯರನ್ನು ಕೇಳಿದರೆ ಅವರು ತಾರೀಖು ಹೇಳುವುದಿಲ್ಲ, ಹಬ್ಬ ಹೇಳುತ್ತಾರೆ. ‘ಗೌರಿ ಹಬ್ಬಕ್ಕೆ ಅರಳುತ್ತಿತ್ತು, ಈಗ ಆ ಹೊತ್ತಿಗೆ ಮುಗಿದೇ ಹೋಗಿರುತ್ತದೆ’ ಎನ್ನುತ್ತಾರೆ. ಇದನ್ನು ಹಾಗೆಯೇ ಬರೆದುಕೊಂಡು ಹವಾಮಾನ ಕೆಟ್ಟಿತು ಎಂದು ತೀರ್ಮಾನಿಸಿದರೆ ಎರಡು ಕಡೆ ಎಡವುತ್ತೇವೆ.

ಮೊದಲನೆಯದು, ಯಾವ ಗೌರಿ? ಮೈಸೂರು ಕಡೆಯವರಿಗೆ ಗೌರಿ ಹಬ್ಬವೆಂದರೆ ಭಾದ್ರಪದ ಶುದ್ಧ ತದಿಗೆ, ಗಣೇಶನ ಹಿಂದಿನ ದಿನ. ನಮ್ಮ ಕಡೆ ಹೆಣ್ಣುಮಕ್ಕಳು ಸಕ್ಕರೆ ಆರತಿ ಹಿಡಿದು ಹೊರಡುವ ಗೌರಿ ಹುಣ್ಣಿಮೆ ಕಾರ್ತಿಕದಲ್ಲಿ, ಎರಡು ತಿಂಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಆ ಹೊತ್ತಿಗೆ ಬಳ್ಳಿ ಒಣಗುತ್ತಾ ಬಂದು, ಕಾಯಿ ಮೂರಾಗಿ ಸೀಳಿ ಕಿತ್ತಳೆಗೆಂಪು ಬೀಜ ಕಾಣಿಸುವ ಕಾಲ. ಅಜ್ಜಿ ಯಾವ ಗೌರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದರು ಎಂಬುದನ್ನು ಕೇಳಿ ತಿಳಿಯದೆ ಆ ಮಾತನ್ನು ದಾಖಲೆ ಮಾಡಬಾರದು.

ಎರಡನೆಯದು, ಹಬ್ಬವೇ ಓಡಾಡುತ್ತದೆ. ಭಾದ್ರಪದದ ಗೌರಿ 2022ರಲ್ಲಿ ಆಗಸ್ಟ್ 30ರಂದು ಬಂತು. ಮರುವರ್ಷ ಅಧಿಕ ಶ್ರಾವಣ ಬಂದದ್ದರಿಂದ ಸೆಪ್ಟೆಂಬರ್ 18ಕ್ಕೆ ಹೋಯಿತು. ಬಳ್ಳಿಗೆ ಅಧಿಕ ಮಾಸದ ಲೆಕ್ಕವಿಲ್ಲ, ಅದು ಮಳೆಯನ್ನು ನೋಡಿ ಚಿಗುರುತ್ತದೆ. 2023ರಲ್ಲಿ ‘ಹಬ್ಬಕ್ಕೆ ಹೂವೇ ಸಿಗಲಿಲ್ಲ’ ಎಂದವರ ಮಾತು ನಿಜವಿರಬಹುದು, ಹೂವು ಮಾತ್ರ ತನ್ನ ಕಾಲಕ್ಕೇ ಬಂದು ಹೋಗಿರಬಹುದು. ಹಿರಿಯರ ನೆನಪನ್ನು ಬರೆದುಕೊಳ್ಳುವಾಗ ವರ್ಷ ಕೇಳಿ, ಹಳೆಯ ಪಂಚಾಂಗ ತೆಗೆದು ತಾರೀಖಿಗೆ ಇಳಿಸಿ. ಈ ಕೆಲಸವನ್ನು ನಿಮ್ಮ ಮಕ್ಕಳಿಗೆ ಕೊಡಿ. ಗಣಿತ, ಇತಿಹಾಸ, ಸಸ್ಯಶಾಸ್ತ್ರ ಮೂರನ್ನೂ ಒಟ್ಟಿಗೆ ಕಲಿಸುವ ಇಂಥ ಪಾಠ ನನಗೆ ಬೇರೆ ಗೊತ್ತಿಲ್ಲ.

ಹಳೆಯ ಹಾಳೆಗಳು ಎಲ್ಲಿ ಸಿಗಬಹುದು? ನಮ್ಮ ಭಾಗ ಮುಂಬೈ ಪ್ರಾಂತದಲ್ಲಿದ್ದುದರಿಂದ ಬೆಂಗಳೂರಿಗಿಂತ ಮೊದಲು ಪುಣೆ, ಮುಂಬೈ ಕಡೆ ನೋಡಬೇಕು. ಪುಣೆಯಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ವಲಯದ ಹರ್ಬೇರಿಯಂ ಇದೆ. ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂನಲ್ಲಿ ಸೆಜ್ವಿಕ್, ಬೆಲ್ ಮುಂತಾದವರು ಪ್ರಾಂತದ ದಕ್ಷಿಣ ಭಾಗದಲ್ಲಿ ತಿರುಗಿ ಸಂಗ್ರಹಿಸಿದ ಹಾಳೆಗಳಿವೆ. 1901ರಿಂದ 1908ರವರೆಗೆ ಕಂತುಗಳಲ್ಲಿ ಬಂದ ಥಿಯೋಡೋರ್ ಕುಕ್ ಅವರ ಮುಂಬೈ ಪ್ರಾಂತದ ಸಸ್ಯಸಂಪುಟಗಳಲ್ಲಿ ಗಿಡಗಳ ಜೊತೆ ಸಿಕ್ಕ ಜಾಗ ಮತ್ತು ಸಂಗ್ರಾಹಕರ ಹೆಸರು ಕೊಟ್ಟಿರುತ್ತಾರೆ. ಯಾವ ಹಾಳೆಯನ್ನು ಕೇಳಬೇಕು ಎಂಬುದಕ್ಕೆ ಅದು ಒಳ್ಳೆಯ ಕೈಮರ. ಕೋಲ್ಕತ್ತದ ಸಂಗ್ರಹದ ಭಾಗವೊಂದು 2022ರಿಂದ ‘ಇಂಡಿಯನ್ ವರ್ಚುವಲ್ ಹರ್ಬೇರಿಯಂ’ ಜಾಲತಾಣದಲ್ಲಿ ನೋಡಲು ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂಗೆ ಜೆಸಿಬಿ ಎಂಬ ಸಂಕೇತ. ಇವೆಲ್ಲಕ್ಕಿಂತ ಮೊದಲು, ಬಸ್ಸು ಹತ್ತಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ. ಹಳೆಯ ಹಾಳೆಗಳನ್ನು ಮುಟ್ಟಲು ಬಿಟ್ಟರೆ ಬೆರಳಿಗೆ ಎಂಜಲು ಹಚ್ಚಿ ತಿರುವಬೇಡಿ, ನೋಡಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಹುಳ ಹಿಡಿಯದಿರಲೆಂದು ಪಾದರಸದ ವಿಷ ಸವರಿದ ಹಾಳೆಗಳು ನಮ್ಮ ದೇಶದಲ್ಲಿ ಎಲ್ಲೆಡೆ ಇವೆ.

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಖಂಡಿತ ಮಾಡಿ, ಆದರೆ ಜಾಗ ನೋಡಿ ಮಾಡಿ. ಕಪ್ಪತಗುಡ್ಡದ ಸುಮಾರು 244 ಚದರ ಕಿಲೋಮೀಟರ್ 2019ರಿಂದ ವನ್ಯಜೀವಿ ಧಾಮ. ಅದರೊಳಗಿಂದ ಅನುಮತಿಯಿಲ್ಲದೆ ಒಂದು ಎಲೆಯನ್ನೂ ತರುವಂತಿಲ್ಲ, ತರಲೂಬಾರದು. ಧಾಮದ ಹೊರಗೆ, ಪರಿಚಯದ ರೈತರ ಹೊಲದ ಬದುವಿನಲ್ಲೋ ಬೇಲಿಯಲ್ಲೋ ಒಂದು ಬಳ್ಳಿ ಇದ್ದರೆ ಅವರನ್ನು ಕೇಳಿ ತೆಗೆದುಕೊಳ್ಳಿ. ಒಂದೇ ಬಳ್ಳಿ ಇದ್ದರೆ ಫೋಟೋ ತೆಗೆದು ಬಂದುಬಿಡಿ. ಗಡ್ಡೆಯನ್ನು ಮಾತ್ರ ಯಾವ ಕಾರಣಕ್ಕೂ ಅಗೆಯಬೇಡಿ. ಗಡ್ಡೆಯಲ್ಲೂ ಬೀಜದಲ್ಲೂ ಕಾಲ್ಚಿಸಿನ್ ಎಂಬ ಉಗ್ರ ವಿಷವಿದೆ, ಅದನ್ನೇ ಅಳತೆಯಲ್ಲಿ ಗೌಟ್ ರೋಗಕ್ಕೆ ಔಷಧಿಯಾಗಿ ಕೊಡುತ್ತಾರೆ. ಆ ಔಷಧಿಗಾಗಿ ಅಗೆದದ್ದೇ ಎಷ್ಟೋ ಕಡೆ ಬಳ್ಳಿ ಕಾಣೆಯಾಗಲು ಕಾರಣ. ಬೇಲಿ ಹೋಗಿ ತಂತಿ ಬಂದಲ್ಲಿ ಎಲೆಯ ಕುಡಿಗೆ ಹಿಡಿಯಲು ಆಸರೆಯೂ ಇಲ್ಲ. ಮಕ್ಕಳು ಇದನ್ನು ಮುಟ್ಟಿದ ಕೈಯನ್ನು ಬಾಯಿಗೆ ಒಯ್ಯದಂತೆ ಹತ್ತಿರವೇ ನಿಂತು ನೋಡಿಕೊಳ್ಳಿ.

ಮೊಗ್ಗು, ಅರಳಿದ ಹೂವು, ಕುಡಿಯುಳ್ಳ ಎಲೆ ಮೂರೂ ಇರುವ ಒಂದು ಅಡಿಯಷ್ಟು ಕೊಂಬೆ ಸಾಕು. ಒಂದು ಹೂವನ್ನು ಬಿಡಿಸಿ ಎಸಳುಗಳನ್ನು ಹರಡಿ, ಇನ್ನೊಂದನ್ನು ಶಲಾಕೆಯ ಬಾಗು ಕಾಣುವಂತೆ ಪಕ್ಕಕ್ಕೆ ಮಲಗಿಸಿ ಒತ್ತಿ. ಹಳೆಯ ದಿನಪತ್ರಿಕೆಯ ನಡುವೆ ಇಟ್ಟು, ಮೇಲೆ ಕೆಳಗೆ ಹಲಗೆ ಕೊಟ್ಟು ಹಗ್ಗ ಬಿಗಿಯಿರಿ. ಮಳೆಗಾಲದಲ್ಲಿ ಮೊದಲ ಮೂರು ದಿನ ದಿನಕ್ಕೆರಡು ಬಾರಿ ಕಾಗದ ಬದಲಿಸದಿದ್ದರೆ ಎಸಳು ಬೂಷ್ಟು ಹಿಡಿದು ಕಪ್ಪಾಗುತ್ತದೆ.

ಒಣಗಿದಾಗ ಕಳೆದುಹೋಗುವುದನ್ನೆಲ್ಲ ಚೀಟಿಯಲ್ಲಿ ಹಿಡಿದಿಡಬೇಕು. ಮುಖ್ಯವಾಗಿ ಬಣ್ಣ. ಈ ಹೂವು ಹಸಿರುಹಳದಿಯಾಗಿ ಅರಳಿ, ದಿನ ಕಳೆದಂತೆ ಕೆಂಪಾಗುತ್ತದೆ. ಒಂದೇ ಬಳ್ಳಿಯಲ್ಲಿ ಎರಡು ಬಣ್ಣ ನೋಡಿ ಎರಡು ಜಾತಿ ಎಂದುಕೊಂಡವರಿದ್ದಾರೆ. ‘ಕೆಳಗಿನ ಹೂವು ಪೂರ್ತಿ ಕೆಂಪು, ಮೇಲಿನದು ಬುಡದಲ್ಲಿ ಹಳದಿ’ ಎಂದು ಬರೆಯಿರಿ. ಬಳ್ಳಿ ಯಾವುದರ ಮೇಲೆ ಹಬ್ಬಿತ್ತು, ಮಣ್ಣು ಎರೆಯೋ ಮಸಾರಿಯೋ, ತಾನಾಗಿ ಬೆಳೆದದ್ದೋ ಯಾರಾದರೂ ನೆಟ್ಟದ್ದೋ ಇವೂ ಬೇಕು. ನೆಟ್ಟ ಬಳ್ಳಿಯನ್ನು ಕಾಡಿನದೆಂದು ದಾಖಲಿಸಿದರೆ ಮುಂದಿನವರು ದಾರಿ ತಪ್ಪುತ್ತಾರೆ. ಊರು, ತಾಲ್ಲೂಕು, ಜಿಲ್ಲೆ ಪೂರ್ತಿ ಬರೆದು, ಮೊಬೈಲಿನ ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ನಾಲ್ಕು ಅಂಕಿಯವರೆಗೆ ಕೊಡಿ. ಎರಡೇ ಅಂಕಿ ಕೊಟ್ಟರೆ ಒಂದು ಕಿಲೋಮೀಟರಿನಷ್ಟು ವ್ಯತ್ಯಾಸ ಬರುತ್ತದೆ, ನಾಲ್ಕು ಕೊಟ್ಟರೆ ಹತ್ತು ಹನ್ನೊಂದು ಮೀಟರಿನೊಳಗೆ ಆ ಬೇಲಿಯೇ ಸಿಗುತ್ತದೆ. ಜಿಲ್ಲೆಗಳು ಮತ್ತೆ ಒಡೆಯಬಹುದು, ಊರಿನ ಕಾಗುಣಿತ ಬದಲಾಗಬಹುದು, ಆ ಅಂಕಿಗಳು ಬದಲಾಗುವುದಿಲ್ಲ. ಕೊನೆಯಲ್ಲಿ ನಿಮ್ಮ ಹೆಸರು ಮತ್ತು ಸಂಖ್ಯೆ. ಮೊದಲ ಹಾಳೆಯಾದರೆ ಸಂಖ್ಯೆ 1.

ಶಾಲೆಯಲ್ಲಿ ಒಂದು ಪ್ರತಿ ಇಟ್ಟುಕೊಂಡು ಇನ್ನೊಂದನ್ನು ವಿಶ್ವವಿದ್ಯಾಲಯದ ಹರ್ಬೇರಿಯಂಗೆ ಕೊಡಿ. ಶಾಲೆಯ ಕಪಾಟಿನಲ್ಲಿ ಗೆದ್ದಲಿನಿಂದ ಕಾಪಾಡುವುದು ಕಷ್ಟ, ಅಲ್ಲಿ ಅದಕ್ಕೆಂದೇ ಜನರಿದ್ದಾರೆ. ಹಾಳೆಯ ಸಂಖ್ಯೆಯನ್ನು ಒಂದು ತಗಡಿನ ಚೂರಿನ ಮೇಲೆ ಮೊಳೆಯಿಂದ ಗೀಚಿ, ಆ ಬಳ್ಳಿ ಹಬ್ಬಿದ್ದ ಗೂಟಕ್ಕೆ ಕಟ್ಟಿ ಬನ್ನಿ. ಗಡ್ಡೆ ನೆಲದಲ್ಲೇ ಉಳಿದಿರುವುದರಿಂದ ಮರುವರ್ಷ ಮುಂಗಾರು ಹಿಡಿದ ಮೇಲೆ ಅದೇ ಜಾಗದಲ್ಲಿ ಚಿಗುರು ಏಳುತ್ತದೆ. ಆಗ ನಿಮ್ಮ ಹೊಸ ತಂಡದ ಮಕ್ಕಳು ಅಲ್ಲಿಗೆ ಹೋಗಿ, ಮೊದಲ ಹೂವು ಅರಳಿದ ತಾರೀಖನ್ನು ಬರೆದುಕೊಂಡು ಬರಲಿ.